ಕಂಬದ ಪೆಡಸು, ಕಂಬದ ದನಿ

ಸಿಂಧನೂರಿನಿಂದ ಗಂಗಾವತಿ ಕಡೆ ಹೊರಟರೂ ಸರಿ, ರಾಯಚೂರು ಕಡೆ ಹೊರಟರೂ ಸರಿ, ಕಟ್ಟುತ್ತಿರುವ ಮನೆಗಳು ಕಣ್ಣಿಗೆ ಬೀಳುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಅಕ್ಕಿ ಗಿರಣಿಗಳು ಬಂದವು, ಗಿರಣಿಗಳ ಹಿಂದೆಯೇ ಸ್ಲ್ಯಾಬಿನ ಮನೆಗಳೂ ಬಂದವು. ಒಂದು ಕಾಲಕ್ಕೆ ಈ ಸೀಮೆಯಲ್ಲಿ ಮನೆಯೆಂದರೆ ತೊಲೆ, ಜಂತಿಗಳ ಮೇಲೆ ಮಣ್ಣು ಹಾಕಿದ ಮೇಲ್ಮುದ್ದೆ. ಈಗ ತೊಲೆ ಹೋಗಿದೆ. ಕಟ್ಟಿಗೆ ಮಾತ್ರ ಪೂರ್ತಿ ಹೋಗಿಲ್ಲ. ಕಾಂಕ್ರೀಟು ಹಸಿಯಾಗಿರುವಷ್ಟು ದಿನ ಇಡೀ ಮಾಳಿಗೆಯನ್ನು ಹೊತ್ತು ನಿಲ್ಲುವುದು ಸೆಂಟ್ರಿಂಗಿನ ಕಂಬಗಳು. ದೊಡ್ಡ ಕಟ್ಟಡಗಳಿಗೆ ಕಬ್ಬಿಣದ ಜಾಕಿಗಳು ಬಂದಿವೆಯಾದರೂ ಸಾಧಾರಣ ಮನೆಗಳಲ್ಲಿ ನೀಲಗಿರಿ, ಸರ್ವೆ ಮರದ ಸಣ್ಣ ಕಂಬಗಳ ಕಾಲ ಇನ್ನೂ ಮುಗಿದಿಲ್ಲ.

ಟ್ರ್ಯಾಕ್ಟರಿನಿಂದ ಕಂಬಗಳನ್ನು ಇಳಿಸುವಾಗ ಅನುಭವಿ ಮೇಸ್ತ್ರಿಯೊಬ್ಬರು ಏನು ಮಾಡುತ್ತಾರೆಂದು ಗಮನಿಸಬೇಕು. ಮೊದಲು ಕಂಬದ ಒಂದು ತುದಿಯನ್ನು ಕಣ್ಣಿಗೆ ಹಿಡಿದು ಇನ್ನೊಂದು ತುದಿಯವರೆಗೆ ನೋಡುತ್ತಾರೆ. ಸೊಟ್ಟ ಇದ್ದರೆ ಪಕ್ಕಕ್ಕೆ. ಆಮೇಲೆ ಕೈಯಲ್ಲಿ ಹಿಡಿದು ದಪ್ಪ ನೋಡುತ್ತಾರೆ. ಕೊನೆಗೆ, ಎಲ್ಲರೂ ಅಲ್ಲ, ಕೆಲವರು ಮಾತ್ರ, ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿ ಕಿವಿಗೊಡುತ್ತಾರೆ. ದನಿ ಕಣಕಣ ಎಂದರೆ ‘ತಡೀತೈತ್ರೀ’ ಎನ್ನುತ್ತಾರೆ. ದಬ್ ಎಂದರೆ ಆ ಕಂಬ ಅಡ್ಡಪಟ್ಟಿಗೋ ಒಲೆಗೋ ಹೋಗುತ್ತದೆ. ಏಕೆಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ‘ನಮ್ಮ ಹಿರೇರು ಹಂಗ ನೋಡತಿದ್ರು’ ಎಂಬಷ್ಟೇ ಮಾತು.

ಬಡಿದು ಕೇಳುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಣ್ಣುಮಕ್ಕಳು ಬೆರಳ ಗೆಣ್ಣಿನಿಂದ ಬಡಿದು ನೋಡದೆ ದುಡ್ಡು ಕೊಡುವುದಿಲ್ಲ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಭೂಮಿಯೊಳಗಿನ ಗಣಿ ಯಾವುದೇ ಇರಲಿ, ತಲೆಯ ಮೇಲಿನ ಬಂಡೆಗೆ ಹಾರೆಯಿಂದ ಬಡಿದು, ಅದು ಗಟ್ಟಿಯಾಗಿ ಕೂತಿದೆಯೋ ಸಡಿಲಗೊಂಡಿದೆಯೋ ಎಂದು ದನಿಯಿಂದ ತಿಳಿಯುವುದು ಗಣಿ ಕೆಲಸದ ಮೊದಲ ಪಾಠ. ರೈಲು ನಿಲ್ದಾಣಗಳಲ್ಲಿ ಉದ್ದ ಹಿಡಿಕೆಯ ಸುತ್ತಿಗೆಯಿಂದ ಗಾಲಿಗಳನ್ನು ಬಡಿಯುತ್ತ ಹೋಗುತ್ತಿದ್ದವರನ್ನು ಹಿಂದಿನ ತಲೆಮಾರಿನವರು ಕಂಡಿದ್ದಾರೆ. ಇವೆಲ್ಲ ಒಡಕು ಹುಡುಕುವ ಪೆಟ್ಟುಗಳು. ಕಂಬಕ್ಕೆ ಹಾಕುವ ಪೆಟ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗಬಲ್ಲದು. ಒಡಕಿಲ್ಲದ ಎರಡು ಕಂಬಗಳಲ್ಲಿ ಯಾವುದು ಹೆಚ್ಚು ಭಾರ ತಡೆದೀತು, ಎಷ್ಟು ಹೆಚ್ಚು ತಡೆದೀತು ಎಂಬುದನ್ನೂ ಅದು ಹೇಳಬಲ್ಲದು. ಅದೂ ಕಂಬಕ್ಕೆ ಒಂದು ಗೀರೂ ಬೀಳದಂತೆ.

ಮೊದಲು ಕಂಬ ಸೋಲುವುದು ಹೇಗೆ ಎಂಬುದನ್ನು ನೋಡೋಣ. ಮಕ್ಕಳ ಕಂಪಾಸಿನ ಡಬ್ಬಿಯೊಂದಿಗೆ ಬರುವ ಪ್ಲಾಸ್ಟಿಕ್ ಅಡಿಪಟ್ಟಿಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಅಂಗೈಯಿಂದ ಒತ್ತಿ. ಒತ್ತಡ ಒಂದು ಮಿತಿಯವರೆಗೆ ಹೋಗುವತನಕ ಅದು ನೆಟ್ಟಗೇ ಇರುತ್ತದೆ. ಮಿತಿ ಮುಟ್ಟಿದೊಡನೆ ಥಟ್ಟನೆ ಪಕ್ಕಕ್ಕೆ ಬಳುಕುತ್ತದೆ. ಪ್ಲಾಸ್ಟಿಕ್ ಪುಡಿಯಾಗಲಿಲ್ಲ, ಮುರಿಯಲಿಲ್ಲ. ಆದರೂ ಭಾರ ಹೊರುವ ಕೆಲಸ ಅಲ್ಲಿಗೆ ಮುಗಿಯಿತು. ಉದ್ದವಾಗಿ ತೆಳ್ಳಗಿರುವ ಎಲ್ಲ ಕಂಬಗಳ ಸೋಲೂ ಹೀಗೆಯೇ. ಈ ಬಳುಕಿನ ಲೆಕ್ಕವನ್ನು ಸ್ವಿಟ್ಜರ್ಲೆಂಡಿನ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1744ರಷ್ಟು ಹಿಂದೆಯೇ ಬಿಡಿಸಿಟ್ಟ. ಅವನ ಸೂತ್ರದಲ್ಲಿ ಇರುವುದು ಮೂರೇ ಸಂಗತಿ: ಕಂಬದ ಉದ್ದ, ಅದರ ದಪ್ಪ ಮತ್ತು ಆಕಾರ, ವಸ್ತುವಿನ ಪೆಡಸು. ವಸ್ತುವಿನ ಬಲಕ್ಕೆ, ಅಂದರೆ ಅದು ಎಷ್ಟು ಒತ್ತಿದರೆ ಪುಡಿಯಾಗುತ್ತದೆ ಎಂಬುದಕ್ಕೆ, ಆ ಸೂತ್ರದಲ್ಲಿ ಜಾಗವೇ ಇಲ್ಲ!

ಇದು ಸ್ವಲ್ಪ ನಿಂತು ಯೋಚಿಸಬೇಕಾದ ಮಾತು. ಗಡಸು, ಬಲ, ಪೆಡಸು ಇವನ್ನು ಆಡುಮಾತಿನಲ್ಲಿ ಒಟ್ಟಿಗೆ ‘ಗಟ್ಟಿ’ ಎಂದುಬಿಡುತ್ತೇವೆ. ಮೊಳೆ ಇಳಿಯದಿದ್ದರೆ ಗಡಸು. ಎಳೆದರೂ ಒತ್ತಿದರೂ ಮುರಿಯದಿದ್ದರೆ ಬಲ. ಬಾಗಿಸಲು ಹೋದರೆ ಒಪ್ಪದೆ ಸೆಟೆದು ನಿಂತರೆ ಅದು ಪೆಡಸು. ಬಿದಿರಿನ ಹಸಿ ಗಳು ಮುರಿಯುವುದು ಕಷ್ಟ, ಬಾಗಿಸುವುದು ಸುಲಭ. ಒಣಗಿದ ಸೀಮೆಸುಣ್ಣದ ಕಡ್ಡಿ ಬಾಗುವುದೇ ಇಲ್ಲ, ಮುರಿಯುವುದು ಮಾತ್ರ ಬೆರಳ ಆಟ. ಸೆಂಟ್ರಿಂಗಿನ ಕಂಬಕ್ಕೆ ಬೇಕಾದ ಮುಖ್ಯ ಗುಣ ಮೂರನೆಯದು.

ಲೆಕ್ಕ ಹಾಕಿದರೆ ಇದು ಎದ್ದು ಕಾಣುತ್ತದೆ. 3 ಮೀಟರ್ ಎತ್ತರದ, 8 ಸೆಂಟಿಮೀಟರ್ ಅಡ್ಡಳತೆಯ ನೇರ ಕಂಬವೊಂದನ್ನು ತೆಗೆದುಕೊಳ್ಳಿ. ಕಟ್ಟಿಗೆ ಪ್ರತಿ ಚದರ ಸೆಂಟಿಮೀಟರಿಗೆ 250 ಕಿಲೋ ಒತ್ತಡ ತಡೆಯುತ್ತದೆಂದು ಇಟ್ಟುಕೊಂಡರೆ ಆ ಕಂಬ ಪುಡಿಯಾಗಲು ಸುಮಾರು 125 ಕ್ವಿಂಟಲ್ ಭಾರ ಬೇಕು. ಆದರೆ ಪೆಡಸು ಮಧ್ಯಮವಾಗಿದ್ದರೆ ಆಯ್ಲರನ ಸೂತ್ರದ ಪ್ರಕಾರ ಅದು ಬಳುಕಲು 22 ಕ್ವಿಂಟಲ್ ಸಾಕು. ಪುಡಿಯಾಗುವ ಭಾರದ ಐದನೆಯ ಒಂದು ಭಾಗವನ್ನೂ ಮುಟ್ಟುವ ಮೊದಲೇ ಕಂಬ ಕೈಬಿಡುತ್ತದೆ. ದಪ್ಪ ಕಡಿಮೆಯಾದಂತೆ ಪರಿಸ್ಥಿತಿ ಇನ್ನೂ ಬೇಗ ಕೆಡುತ್ತದೆ, ಏಕೆಂದರೆ ಇಲ್ಲಿ ಅಡ್ಡಳತೆಯ ನಾಲ್ಕನೆಯ ಘಾತ ಕೆಲಸ ಮಾಡುತ್ತದೆ. 8 ಸೆಂ.ಮೀ. ಇದ್ದದ್ದು 6 ಸೆಂ.ಮೀ. ಆದರೆ ಕಣ್ಣಿಗೆ ಕಾಲುಭಾಗ ಮಾತ್ರ ಕಡಿಮೆಯಾದಂತೆ ಕಾಣುತ್ತದೆ. ಹೊರುವ ಶಕ್ತಿ ಮೂರನೆಯ ಒಂದು ಭಾಗಕ್ಕಿಂತ ಕೆಳಗೆ, 7 ಕ್ವಿಂಟಲ್‌ಗೆ ಇಳಿಯುತ್ತದೆ.

ಅದರ ಮೇಲೆ ಬೀಳುವ ಭಾರವಾದರೂ ಎಷ್ಟು? 5 ಅಂಗುಲದ ಸ್ಲ್ಯಾಬು ಒಂದು ಚದರ ಮೀಟರಿಗೆ 310 ಕಿಲೋ ದಾಟುತ್ತದೆ. ಹಲಗೆ, ತಗಡು, ಮೇಲೆ ಓಡಾಡುವ ಹತ್ತಾರು ಆಳುಗಳು, ವೈಬ್ರೇಟರು, ಒಂದೇ ಕಡೆ ಸುರಿದ ಬುಟ್ಟಿಗಳ ಗುಪ್ಪೆ ಎಲ್ಲ ಸೇರಿದರೆ 500 ಕಿಲೋ ಸಮೀಪ. ಕಂಬಗಳನ್ನು ಮೂರು ಅಡಿಗೊಂದರಂತೆ ನಿಲ್ಲಿಸಿದರೆ ಒಂದೊಂದರ ಪಾಲಿಗೆ ಸುಮಾರು 4 ಕ್ವಿಂಟಲ್. ಕಂಬ ಸಾಲದೆ ಬಂತೆಂದು ನಾಲ್ಕು ಅಡಿಗೊಂದು ನಿಲ್ಲಿಸಿದರೋ, ಪಾಲು 7 ಕ್ವಿಂಟಲ್ ದಾಟಿತು. 6 ಸೆಂ.ಮೀ. ಕಂಬದ ಮಿತಿಯೂ ಅದೇ! ಲೆಕ್ಕದ ಕಂಬ ಹಗ್ಗ ಎಳೆದಂತೆ ನೇರ; ಅಡ್ಡೆಯಿಂದ ಬಂದ ಕಂಬ ಸ್ವಲ್ಪ ಸೊಟ್ಟ, ಮೇಲಕ್ಕೆ ಹೋದಂತೆ ಸಣ್ಣ. ಅದರ ನಿಜವಾದ ಮಿತಿ ಲೆಕ್ಕಕ್ಕಿಂತ ಕೆಳಗೇ ಇರುತ್ತದೆ. ಒಂದು ಕಂಬ ಬಳುಕಿದರೆ ಅದರ ಪಾಲು ಅಕ್ಕಪಕ್ಕದವಕ್ಕೆ ಹೋಗುತ್ತದೆ, ಅವೂ ಬಳುಕುತ್ತವೆ. ಸೆಂಟ್ರಿಂಗ್ ಕುಸಿಯುವುದು ಒಮ್ಮೆಲೇ ಏಕೆ, ಕೆಳಗಿದ್ದವರಿಗೆ ಓಡಲು ಸಮಯ ಸಿಗುವುದಿಲ್ಲ ಏಕೆ ಎಂಬುದಕ್ಕೆ ಉತ್ತರ ಇದರಲ್ಲಿದೆ.

ದಪ್ಪ ಕಣ್ಣಿಗೆ ಕಾಣುತ್ತದೆ, ಉದ್ದ ಕಾಣುತ್ತದೆ, ಸೊಟ್ಟವೂ ಕಾಣುತ್ತದೆ. ಪೆಡಸು ಕಾಣುವುದಿಲ್ಲ. ಒಂದೇ ಲೋಡಿನಲ್ಲಿ ಬಂದ, ಒಂದೇ ದಪ್ಪದ, ಒಂದೇ ತೂಕದ ಎರಡು ಕಂಬಗಳಲ್ಲಿ ಒಂದರ ಪೆಡಸು ಇನ್ನೊಂದರ ಅರ್ಧಕ್ಕೆ ಸಮೀಪ ಇರಬಹುದು ಎಂದರೆ ನಂಬಲು ಹಿಂಜರಿಕೆಯಾದೀತು. ಆದರೆ ಮರದ ಬಾಳಿನ ಕ್ರಮವೇ ಹಾಗಿದೆ. ಕಟ್ಟಿಗೆಯೆಂದರೆ ಸಣ್ಣ ಸಣ್ಣ ಕೊಳವೆಗಳ ಕಟ್ಟು. ಪ್ರತಿ ಕೊಳವೆಯ ಗೋಡೆಯಲ್ಲಿ ಸೆಲ್ಯುಲೋಸಿನ ಅತಿ ಸೂಕ್ಷ್ಮ ಎಳೆಗಳು ಸುರುಳಿಯಾಗಿ ಸುತ್ತಿಕೊಂಡಿರುತ್ತವೆ. ಎಳೆಗಳು ಕಂಬದ ಉದ್ದಕ್ಕೆ ಬಹುಮಟ್ಟಿಗೆ ನೇರವಾಗಿ ಸಾಗಿದ್ದರೆ ಕಟ್ಟಿಗೆ ಪೆಡಸು. ಓರೆಯಾಗಿ ಸುತ್ತಿದ್ದರೆ, ಸ್ಪ್ರಿಂಗಿನ ಹಾಗೆ, ಮೆತ್ತಗೆ. ಎಳೆಯ ಮರ ಗಾಳಿಗೆ ಬಾಗಿ ಏಳಬೇಕು, ಸೆಟೆದು ನಿಂತರೆ ಮುರಿದುಹೋಗುತ್ತದೆ. ಹೀಗಾಗಿ ಮೊದಲ ಕೆಲವು ವರ್ಷ ಅದು ಓರೆ ಎಳೆಯ ಕಟ್ಟಿಗೆಯನ್ನೇ ಬೆಳೆಸುತ್ತದೆ. ಬಲಿತಂತೆಲ್ಲ ಹೊರಸುತ್ತಿನಲ್ಲಿ ನೇರ ಎಳೆಯ ಕಟ್ಟಿಗೆ ಸೇರುತ್ತದೆ. ದೊಡ್ಡ ದಿಮ್ಮಿಯಲ್ಲಿ ಎಳೆಗಾಲದ ಕಟ್ಟಿಗೆ ನಡುವಿನ ಒಂದು ತುಣುಕು ಮಾತ್ರ. ನಾಲ್ಕೈದು ವರ್ಷಕ್ಕೆ ಕಡಿದ ಸಣ್ಣ ಕಂಬದಲ್ಲಿ ಅದೇ ಬಹುಪಾಲು. ನೀರು ಗೊಬ್ಬರ ಉಂಡು ಎರಡೇ ವರ್ಷದಲ್ಲಿ ದಪ್ಪವಾದ ಕಂಬಕ್ಕೂ, ಮಸಾರಿ ಹೊಲದ ಬದುವಿನಲ್ಲಿ ಆರು ವರ್ಷ ತಿಣುಕಿ ಅಷ್ಟೇ ದಪ್ಪವಾದ ಕಂಬಕ್ಕೂ ಒಳಗೆ ವ್ಯತ್ಯಾಸವಿರುವುದು ಸಹಜ. ಹೊರಗಿನ ತೊಗಟೆ ಅದನ್ನು ಹೇಳುವುದಿಲ್ಲ.

ಹಾಗಾದರೆ ಪ್ರಯೋಗಶಾಲೆಗಳು ಏನು ಮಾಡುತ್ತಿದ್ದವು? ಮುರಿದು ನೋಡುತ್ತಿದ್ದವು. ಡೆಹ್ರಾಡೂನಿನಲ್ಲಿ 1906ರಲ್ಲಿ ಆರಂಭವಾದ ಅರಣ್ಯ ಸಂಶೋಧನಾ ಸಂಸ್ಥೆಯಾಗಲಿ, ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಗಲಿ (ಇದು 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿ, 1988ರಲ್ಲಿ ಈಗಿನ ಹೆಸರು ಪಡೆಯಿತು) ಮರದ ಗುಣಗಳ ಕೋಷ್ಟಕಗಳನ್ನು ಸಿದ್ಧಪಡಿಸಿದ್ದು ಈ ದಾರಿಯಲ್ಲೇ. ಗಂಟು, ಬಿರುಕು ಒಂದೂ ಇಲ್ಲದ ಚೊಕ್ಕ ತುಂಡುಗಳನ್ನು ಕೊಯ್ದು, ಯಂತ್ರದಲ್ಲಿ ಬಾಗಿಸಿ, ಮುರಿದು, ಅಂಕಿಗಳನ್ನು ಬರೆದುಕೊಳ್ಳುವುದು. ಭಾರತೀಯ ಮಾನಕ 1708 ಈ ತುಂಡುಗಳ ಅಳತೆಯನ್ನೂ ಗೊತ್ತುಮಾಡಿದೆ: ಬಾಗು ಪರೀಕ್ಷೆಗೆ 5 ಸೆಂ.ಮೀ. ಚೌಕದ 75 ಸೆಂ.ಮೀ. ಉದ್ದದ ತುಂಡು, ಇಲ್ಲವೇ 2 ಸೆಂ.ಮೀ. ಚೌಕದ 30 ಸೆಂ.ಮೀ. ತುಂಡು. ಮರದ ಜಾತಿಯೊಂದರ ಸರಾಸರಿ ಗುಣ ತಿಳಿಯಲು ಇದು ಬಹಳ ಒಳ್ಳೆಯ ವಿಧಾನ. ಆದರೆ ಸಿಂಧನೂರಿನ ಅಡ್ಡೆಯಲ್ಲಿ ಬಿದ್ದಿರುವ ಈ ಒಂದು ಕಂಬದ ಗುಣವೇನು ಎಂದು ಕೇಳಿದರೆ ಅದು ಸುಮ್ಮನಾಗುತ್ತದೆ. ಕಂಬವನ್ನೇ ಮುರಿದು ನೋಡಿದರೆ ಉತ್ತರವೇನೋ ಸಿಗುತ್ತದೆ, ಕಂಬ ಸಿಗುವುದಿಲ್ಲ. ಕಡ್ಡಿ ಗೀರಿ ನೋಡಿ ಬೆಂಕಿಪೊಟ್ಟಣ ಕೊಂಡವನ ಕಥೆ.

ಇಲ್ಲಿ ನೆರವಿಗೆ ಬರುವುದು ಶಬ್ದ. ಘನವಸ್ತುವಿನಲ್ಲಿ ಶಬ್ದದ ವೇಗ ಎರಡು ಸಂಗತಿಗಳಿಂದ ನಿರ್ಧಾರವಾಗುತ್ತದೆ: ಪೆಡಸು ಹೆಚ್ಚಿದಷ್ಟೂ ವೇಗ ಹೆಚ್ಚು, ಸಾಂದ್ರತೆ ಹೆಚ್ಚಿದಷ್ಟೂ ವೇಗ ಕಡಿಮೆ. ವೇಗದ ವರ್ಗವನ್ನು ಸಾಂದ್ರತೆಯಿಂದ ಗುಣಿಸಿದರೆ ಸಿಗುವುದೇ ಪೆಡಸಿನ ಅಳತೆ, ಅಂದರೆ ಪಿಯುಸಿ ವಿದ್ಯಾರ್ಥಿಗಳು ಬಾಯಿಪಾಠ ಮಾಡುವ ಯಂಗ್ ಗುಣಾಂಕ. ಬಿ.ಎಸ್ಸಿ. ಓದಿದವರಿಗೆ ಕುಂಡ್ಟ್ ನಳಿಕೆಯ ಪ್ರಯೋಗ ನೆನಪಿರಬಹುದು. ಜರ್ಮನಿಯ ಆಗಸ್ಟ್ ಕುಂಡ್ಟ್ 1866ರಲ್ಲಿ ರೂಪಿಸಿದ ಆ ಪ್ರಯೋಗದಲ್ಲಿ ಲೋಹದ ಸರಳಿನ ನಡುವನ್ನು ಬಿಗಿದು, ರಾಳ ಹಚ್ಚಿದ ಬಟ್ಟೆಯಿಂದ ಉದ್ದಕ್ಕೆ ಎಳೆದರೆ ಸರಳು ಕಿರ್ರೆಂದು ಹಾಡುತ್ತದೆ, ಗಾಜಿನ ನಳಿಕೆಯೊಳಗಿನ ಪುಡಿ ಗುಪ್ಪೆಗುಪ್ಪೆಯಾಗಿ ಕೂಡುತ್ತದೆ. ಅಂಕ ಬಂದ ಮೇಲೆ ಆ ಪ್ರಯೋಗವನ್ನು ಮರೆಯದವರು ಕಡಿಮೆ. ಕಟ್ಟಿಗೆಯ ಕಂಬವೂ ಅಂಥದೇ ಒಂದು ಸರಳು. ತುದಿಗೆ ಪೆಟ್ಟು ಬಿದ್ದಾಗ ಒಳಗೆ ಹೊರಟ ಅಲೆ ಇನ್ನೊಂದು ತುದಿಗೆ ಹೋಗಿ, ತಿರುಗಿ ಬಂದು, ಮತ್ತೆ ಹೋಗಿ, ಸೆಕೆಂಡಿಗೆ ನೂರಾರು ಸಲ ಓಡಾಡುತ್ತದೆ. ಕೇಳಿಸುವ ಕಣಕಣ ಆ ಓಡಾಟದ ದನಿಯೇ. ಸೆಕೆಂಡಿಗೆ ಎಷ್ಟು ಓಡಾಟ ಎಂಬುದು, ಅಂದರೆ ಆವರ್ತಾಂಕ, ಗೊತ್ತಾದರೆ ಅದನ್ನು ಕಂಬದ ಉದ್ದದ ಎರಡರಷ್ಟರಿಂದ ಗುಣಿಸಿದರಾಯಿತು, ವೇಗ ಸಿಕ್ಕಿತು.

ಇದಕ್ಕೆ ಈಗ ದುಬಾರಿ ಯಂತ್ರವೂ ಬೇಡ. ದನಿಯ ಆವರ್ತಾಂಕ ತೋರಿಸುವ ಆ್ಯಪ್‌ಗಳು ಮೊಬೈಲ್ ಫೋನಿಗೆ ಪುಕ್ಕಟೆ ಸಿಗುತ್ತವೆ. ಕಂಬವನ್ನು ಎರಡು ಹಳೆಯ ಟಯರುಗಳ ಮೇಲೋ ಗೋಣಿಚೀಲದ ಸಿಂಬೆಗಳ ಮೇಲೋ ಮಲಗಿಸಬೇಕು; ತುದಿಗಳು ಯಾವುದಕ್ಕೂ ತಾಗಿರಬಾರದು. ಒಂದು ತುದಿಯ ಬಳಿ ಫೋನು ಹಿಡಿದು ಇನ್ನೊಂದು ತುದಿಯ ಮುಖಕ್ಕೆ, ಕಂಬದ ಉದ್ದಕ್ಕೇ ಸರಿಯಾಗಿ, ಸುತ್ತಿಗೆಯಿಂದ ಹಗುರವಾಗಿ ಹೊಡೆಯಬೇಕು. ಪಕ್ಕಕ್ಕೆ ಹೊಡೆದರೆ ಬೇರೆಯೇ ಕಂಪನ ಏಳುತ್ತದೆ.

ಒಂದು ಉದಾಹರಣೆ. 3 ಮೀಟರ್ ಉದ್ದ, ಸರಾಸರಿ 8 ಸೆಂ.ಮೀ. ಅಡ್ಡಳತೆ, 10.5 ಕಿಲೋ ತೂಕದ ಕಂಬ. ಘನ ಅಳತೆ 15 ಲೀಟರ್, ಹಾಗಾಗಿ ಸಾಂದ್ರತೆ ಘನಮೀಟರಿಗೆ ಸುಮಾರು 700 ಕಿಲೋ. ಫೋನು 750 ಹರ್ಟ್ಸ್ ತೋರಿಸಿತೆನ್ನಿ. ವೇಗ ಸೆಕೆಂಡಿಗೆ 4,500 ಮೀಟರ್, ಗಾಳಿಯಲ್ಲಿನ ಶಬ್ದದ ವೇಗದ ಹದಿಮೂರು ಪಟ್ಟು. ಪೆಡಸು ಸುಮಾರು 14 ಗಿಗಾಪಾಸ್ಕಲ್, ಚೆನ್ನಾಗಿ ಬಲಿತ ಕಟ್ಟಿಗೆ. ಈಗ ಅದೇ ಉದ್ದ, ಅದೇ ದಪ್ಪ, ಅದೇ ತೂಕದ ಇನ್ನೊಂದು ಕಂಬ 560 ಹರ್ಟ್ಸ್ ತೋರಿಸಿತು. ಅದರ ಪೆಡಸು 8 ಗಿಗಾಪಾಸ್ಕಲ್ ಕೂಡ ಮುಟ್ಟುವುದಿಲ್ಲ. ಮೊದಲನೆಯದು ಬಳುಕದೆ ತಡೆಯುವ ಮಿತಿ 31 ಕ್ವಿಂಟಲ್, ಎರಡನೆಯದು 17 ಕ್ವಿಂಟಲ್. ಸಿಂಧನೂರಿನ ಲೆಕ್ಕದಲ್ಲಿ ಹೇಳುವುದಾದರೆ, 75 ಕಿಲೋದ ಭತ್ತದ ಚೀಲ ಒಂದಕ್ಕೆ ನಲವತ್ತೊಂದು, ಇನ್ನೊಂದಕ್ಕೆ ಇಪ್ಪತ್ತಮೂರು. ಇವೇ ಎರಡು ಕಂಬಗಳು 6 ಸೆಂ.ಮೀ. ದಪ್ಪದವಾಗಿದ್ದರೆ ಮಿತಿ 10 ಕ್ವಿಂಟಲ್ ಮತ್ತು ಐದೂವರೆ ಕ್ವಿಂಟಲ್. ನಾಲ್ಕು ಅಡಿಗೊಂದರಂತೆ ನಿಂತ ಸಾಲಿನಲ್ಲಿ ಮೊದಲನೆಯದು ಹೇಗೋ ನಿಂತೀತು, ಎರಡನೆಯದು ನಿಲ್ಲಲಾರದು. ಕಣ್ಣಿಗೆ ಎರಡೂ ಒಂದೇ!

ಸಂಗೀತ ಬಲ್ಲವರಿಗೆ ಇನ್ನೊಂದು ಸ್ವಾರಸ್ಯ. 560 ಮತ್ತು 750ರ ನಡುವಿನ ಅಂತರ ಹೆಚ್ಚುಕಡಿಮೆ ಷಡ್ಜಕ್ಕೂ ಶುದ್ಧ ಮಧ್ಯಮಕ್ಕೂ ಇರುವಷ್ಟು. ಮೆತ್ತನೆಯ ಕಂಬ ‘ಸ’ ಎಂದರೆ ಪೆಡಸಿನ ಕಂಬ ‘ಮ’ ಎನ್ನುತ್ತದೆ. ಇಷ್ಟು ದೊಡ್ಡ ಅಂತರ ಭಜನೆಯಲ್ಲಿ ತಾಳ ಹಾಕುವವರ ಕಿವಿಗೂ ಸುಲಭವಾಗಿ ಸಿಗುತ್ತದೆ. ಹಿರೇರು ಬಡಿದು ಕೇಳುತ್ತಿದ್ದುದರಲ್ಲಿ ಅರ್ಥವಿತ್ತು. ಆದರೆ ಕಿವಿಯ ನ್ಯಾಯಕ್ಕೆ ಒಂದು ಷರತ್ತು ಇದೆ: ಹೋಲಿಸುವ ಕಂಬಗಳ ಉದ್ದ ಒಂದೇ ಇರಬೇಕು. ಗಿಡ್ಡ ಕಂಬ ಎಷ್ಟು ಕಳಪೆಯಾಗಿದ್ದರೂ ಎತ್ತರದ ಸ್ವರವನ್ನೇ ಹೊರಡಿಸುತ್ತದೆ. ಅಡ್ಡೆಯಲ್ಲಿ ಎಂಟಡಿ, ಹತ್ತಡಿ, ಹನ್ನೊಂದಡಿ ಕಂಬಗಳು ಬೆರೆತು ಬಿದ್ದಿರುವಾಗ ಕೇವಲ ದನಿ ಕೇಳಿ ಆರಿಸಿದರೆ ಗಿಡ್ಡ ಕಂಬಗಳೆಲ್ಲ ಪಾಸಾಗಿಬಿಡುತ್ತವೆ.

ಹೊರದೇಶಗಳಲ್ಲಿ ಈ ವಿಧಾನ ಬಹಳ ಹಿಂದೆಯೇ ಕೆಲಸಕ್ಕೆ ಬಿದ್ದಿದೆ. ಅಮೆರಿಕದ ರಾಯ್ ಪೆಲ್ಲರಿನ್ 1960ರ ದಶಕದಲ್ಲಿ, ಕೊಯ್ದ ಹಲಗೆಗಳನ್ನು ಎರಡು ಆಸರೆಗಳ ಮೇಲಿಟ್ಟು ಅಡ್ಡಲಾಗಿ ಕಂಪಿಸಿ ಪೆಡಸು ಅಳೆಯುವುದನ್ನು ತೋರಿಸಿಕೊಟ್ಟರು. ಸಣ್ಣ ದಿಮ್ಮಿಗಳ ಸರದಿ ಬಂದದ್ದು ಆಮೇಲೆ. ಅಲ್ಲಿನ ಕಾಡುಗಳಲ್ಲಿ ತೆಳ್ಳನೆಯ ಮರಗಳು ಒತ್ತೊತ್ತಾಗಿ ಬೆಳೆದು ಕಾಡ್ಗಿಚ್ಚಿಗೆ ಉರುವಲಾಗುತ್ತಿದ್ದವು. ಕಡಿದು ಸವರಲು ಖರ್ಚು, ಮಾರಿದರೆ ಬೆಲೆ ಇಲ್ಲ. ಅವುಗಳಲ್ಲಿ ಕಟ್ಟಡಕ್ಕೆ ಆಗುವಂಥವನ್ನು ಬೇರೆ ಮಾಡಿದರೆ ಕಡಿದ ಕೂಲಿಯಾದರೂ ಹುಟ್ಟೀತೆಂದು, ಮ್ಯಾಡಿಸನ್ ನಗರದಲ್ಲಿ 1910ರಿಂದ ಇರುವ ಅರಣ್ಯ ಉತ್ಪನ್ನ ಪ್ರಯೋಗಾಲಯದವರು ಜ್ಯಾಕ್ ಪೈನ್, ರೆಡ್ ಪೈನ್ ಮರಗಳ ಸಣ್ಣ ದಿಮ್ಮಿಗಳನ್ನು ಮೂರು ಬಗೆಯಲ್ಲಿ ಪರೀಕ್ಷಿಸಿದರು: ತುದಿಗೆ ಪೆಟ್ಟು ಹಾಕಿ, ಅಡ್ಡಲಾಗಿ ಕಂಪಿಸಿ, ಭಾರ ಹೇರಿ ಬಾಗಿಸಿ. ಮೂರರ ಫಲಿತಾಂಶಗಳೂ ಕೈಕೈ ಹಿಡಿದು ಸಾಗಿದವು. ನ್ಯೂಜಿಲೆಂಡಿನಲ್ಲಂತೂ ರೇಡಿಯಾಟಾ ಪೈನ್ ದಿಮ್ಮಿಗಳನ್ನು ಶಬ್ದದ ವೇಗ ನೋಡಿ ವಿಂಗಡಿಸುವುದು ವ್ಯಾಪಾರದ ಭಾಗವಾಯಿತು. ನಿಂತ ಮರವನ್ನೇ ಪರೀಕ್ಷಿಸುವ ಉಪಕರಣಗಳೂ ಇವೆ. ಕಾಂಡಕ್ಕೆ ಒಂದು ಮೀಟರ್ ಅಂತರದಲ್ಲಿ ಎರಡು ಮೊಳೆಯಂಥ ಗ್ರಾಹಕಗಳನ್ನು ಚುಚ್ಚಿ, ಒಂದಕ್ಕೆ ಹೊಡೆದ ಪೆಟ್ಟು ಇನ್ನೊಂದನ್ನು ಎಷ್ಟು ಹೊತ್ತಿಗೆ ಮುಟ್ಟಿತೆಂದು ನೋಡುವುದು. ಆ ‘ಹೊತ್ತು’ ಸೆಕೆಂಡಿನ ನಾಲ್ಕು ಸಾವಿರದ ಒಂದು ಭಾಗದಷ್ಟು! ಬೆಂಗಳೂರಿನ ಮರ ವಿಜ್ಞಾನ ಸಂಸ್ಥೆಯವರೂ ಶ್ರವಣಾತೀತ ತರಂಗಗಳಿಂದ ಕಟ್ಟಿಗೆಯ ಗುಣ, ದೋಷಗಳನ್ನು ತಿಳಿಯುವ ಕೆಲಸ ಮಾಡಿ ಪ್ರಕಟಿಸಿದ್ದಾರೆ. ಅಲ್ಲಿಂದ ಅದು ತಾಲೂಕಿನ ಕಟ್ಟಿಗೆ ಅಡ್ಡೆಗೆ ಇಳಿದು ಬರಬೇಕಾದ ದಾರಿ ಮಾತ್ರ ಉದ್ದವಿದೆ.

ಫೋನು, ಲೆಕ್ಕ ಎರಡೂ ಬೇಡವೆನ್ನುವವರಿಗೆ ಇನ್ನೂ ಸರಳವಾದ ದಾರಿಯೊಂದಿದೆ. ಕಂಬದ ಎರಡೂ ತುದಿಗಳನ್ನು 2.8 ಮೀಟರ್ ಅಂತರದ ಎರಡು ಕಲ್ಲುಗಳ ಮೇಲಿಡಿ. ಕಲ್ಲಿನಿಂದ ಕಲ್ಲಿಗೆ, ಕಂಬದ ಬದಿಯಲ್ಲಿ ಬಿಗಿಯಾಗಿ ಒಂದು ದಾರ ಕಟ್ಟಿ. ನಡುವೆ 20 ಕಿಲೋದ ಮರಳಿನ ಚೀಲ ತೂಗಿಬಿಟ್ಟು, ಕಂಬ ದಾರಕ್ಕಿಂತ ಎಷ್ಟು ಜಗ್ಗಿತೆಂದು ಅಡಿಪಟ್ಟಿಯಿಂದ ನೋಡಿ. ಮೇಲೆ ಹೇಳಿದ 8 ಸೆಂ.ಮೀ. ಕಂಬಗಳಲ್ಲಿ ಒಂದು 3 ಮಿಲಿಮೀಟರ್ ಜಗ್ಗಿದರೆ ಇನ್ನೊಂದು 6 ಮಿಲಿಮೀಟರಿಗೆ ಹತ್ತಿರ ಜಗ್ಗುತ್ತದೆ. ಚೀಲ ತೆಗೆದೊಡನೆ ಕಂಬ ಮೊದಲಿನಂತಾಗುತ್ತದೆ, ಯಾವ ಹಾನಿಯೂ ಇಲ್ಲ. ಇದರಲ್ಲಿ ಒಂದು ಹೆಚ್ಚಿನ ಲಾಭವೂ ಇದೆ. ಪೆಟ್ಟಿನ ವಿಧಾನ ತೋರಿಸುವ ಪೆಡಸು ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚು. ಜಗ್ಗಿಸಿ ನೋಡಿದ್ದು ಬಾಗುವ ಪೆಡಸನ್ನೇ ನೇರವಾಗಿ ಹೇಳುತ್ತದೆ. ಆದರೆ ನೂರು ಕಂಬಕ್ಕೆ ನೂರು ಸಲ ಚೀಲ ಕಟ್ಟಿ ಬಿಚ್ಚುವ ತಾಳ್ಮೆ ಯಾರಿಗಿದೆ? ಹತ್ತು ಕಂಬಗಳನ್ನು ಹೀಗೆ ನೋಡಿ, ಅವುಗಳ ದನಿಯೊಂದಿಗೆ ತಾಳೆ ಹಾಕಿ, ಉಳಿದ ತೊಂಬತ್ತನ್ನು ದನಿಯಿಂದಲೇ ವಿಂಗಡಿಸುವುದು ಜಾಣತನ.

ದನಿ ಹೇಳದ ಸಂಗತಿಗಳೂ ಇವೆ. ಅಲೆ ಕಂಬದ ಉದ್ದಕ್ಕೂ ಓಡಿ ಬರುವುದರಿಂದ ಅದು ಕೊಡುವುದು ಇಡೀ ಕಂಬದ ಸರಾಸರಿ. ನಡುವೆ ಒಂದೇ ಕಡೆ ಇರುವ ದೊಡ್ಡ ಗಂಟು, ಹುಳು ಕೊರೆದ ತೂತು, ಹಳೆಯ ಮೊಳೆಯ ಸುತ್ತ ಕೊಳೆತ ಜಾಗ ಸರಾಸರಿಯಲ್ಲಿ ಮುಚ್ಚಿಹೋಗಬಹುದು. ಅದಕ್ಕೆ ಕಣ್ಣೇ ಬೇಕು. ಬಹಳ ಕೊಳೆತಿದ್ದರೆ ಮಾತ್ರ ದನಿ ಬೇಗ ಸತ್ತುಹೋಗಿ ಆ ದಬ್ ಎಂಬ ಸದ್ದು ಬರುತ್ತದೆ.

ಕಂಬದ ಗುಣವೊಂದೇ ಮಾಳಿಗೆಯನ್ನು ಕಾಯುವುದೂ ಇಲ್ಲ. ಸಿಂಧನೂರಿನ ಎರೆ ಭೂಮಿ ಒಣಗಿದಾಗ ಕಲ್ಲು, ನೆನೆದಾಗ ಬೆಣ್ಣೆ. ಹಿಂದಿನ ರಾತ್ರಿ ಮಳೆ ಬಿದ್ದ ಎರೆಮಣ್ಣಿನ ಮೇಲೆ, ಬುಡಕ್ಕೆ ಅರ್ಧ ಇಟ್ಟಿಗೆ ಕೊಟ್ಟು ನಿಲ್ಲಿಸಿದ ತೇಗದ ಕಂಬವೂ ಇಳಿಯುತ್ತದೆ. ಬುಡಕ್ಕೆ ಉದ್ದನೆಯ ಹಲಗೆ ಬೇಕು. ಇನ್ನೊಂದು, ನಡುವಿನ ಅಡ್ಡಪಟ್ಟಿ. ಆಯ್ಲರನ ಸೂತ್ರದಲ್ಲಿ ಉದ್ದದ ವರ್ಗ ಕೆಳಗಿದೆ; ಕಂಬದ ನಡುಮಟ್ಟದಲ್ಲಿ ಎರಡೂ ದಿಕ್ಕಿಗೆ ಪಟ್ಟಿ ಕಟ್ಟಿ ಗೋಡೆಗೆ ಬಿಗಿದರೆ ಬಳುಕುವ ಉದ್ದ ಅರ್ಧವಾಗುತ್ತದೆ, ತಡೆಯುವ ಭಾರ ನಾಲ್ಕು ಪಟ್ಟಾಗುತ್ತದೆ. ಐದೂವರೆ ಕ್ವಿಂಟಲ್‌ನ ಕಂಬ 22 ಕ್ವಿಂಟಲ್‌ನದಾಗುತ್ತದೆ. ಇಷ್ಟು ಅಗ್ಗದಲ್ಲಿ ಇಷ್ಟು ಲಾಭ ಕೊಡುವ ಕೆಲಸ ಕಟ್ಟಡದಲ್ಲಿ ಬೇರೊಂದಿಲ್ಲ. ಆದರೂ ಅವಸರದಲ್ಲಿ ಬಿಟ್ಟುಹೋಗುವುದು ಮೊದಲು ಇದೇ. ಆಳು ತಲೆ ಬಗ್ಗಿಸದೆ ಓಡಾಡಲು ಪಟ್ಟಿ ಅಡ್ಡಿಯಾಗುತ್ತದೆಯಲ್ಲ!

ರೈತರ ದೃಷ್ಟಿಯಿಂದ ನೋಡಿದರೆ ಇನ್ನೊಂದು ಅನ್ಯಾಯವೂ ಇದೆ. ನಂದಿ ಬೆಟ್ಟದ ಮೂಲದಿಂದ ಹಬ್ಬಿ ‘ಮೈಸೂರು ಗಮ್’ ಎಂದೇ ಹೆಸರಾದ ನೀಲಗಿರಿಯನ್ನು ಹೊಸದಾಗಿ ನೆಡುವುದಕ್ಕೆ ಕರ್ನಾಟಕ ಸರ್ಕಾರ 2017ರಲ್ಲಿ ತಡೆ ಹಾಕಿತು. ಅದರ ಜಾಗಕ್ಕೆ ಹೆಬ್ಬೇವು ಮೊದಲಾದ ಬೇಗ ಬೆಳೆಯುವ ಮರಗಳನ್ನು ರೈತರು ನೆಡುತ್ತಿದ್ದಾರೆ. ಯಾವ ಮರವೇ ಆಗಲಿ, ಅಡ್ಡೆಯಲ್ಲಿ ಬೆಲೆ ಕಟ್ಟುವುದು ತೂಕಕ್ಕೆ, ಸುತ್ತಳತೆಗೆ, ಉದ್ದಕ್ಕೆ. ಆರು ವರ್ಷ ಕಾದು ಬಲಿತ ಕಂಬ ಕಡಿದವರಿಗೂ ಮೂರೇ ವರ್ಷಕ್ಕೆ ನೀರುಂಡ ಕಂಬ ಕಡಿದವರಿಗೂ ಒಂದೇ ದರ. ಹೀಗಿರುವಾಗ ಕಾಯುವವರು ಯಾರು? ಕಂಬಗಳನ್ನು ಬಾಡಿಗೆಗೆ ಕೊಡುವವರು ದನಿ ನೋಡಿ ತುದಿಗೆ ಬಣ್ಣ ಹಚ್ಚಿ, ಬಾಡಿಗೆಯಲ್ಲಿ ಎರಡು ರೂಪಾಯಿ ಅಂತರ ಇಟ್ಟರೆ ಸಾಕು, ಆ ಅಂತರ ಹೊಲದವರೆಗೂ ತಲುಪೀತು. ಒಂದು ಕಂಬಕ್ಕೆ ತಗಲುವ ಹೊತ್ತು ಅರ್ಧ ನಿಮಿಷ.

ಬಣ್ಣ ಹಚ್ಚುವವರು ಒಂದು ಎಚ್ಚರಿಕೆ ವಹಿಸಬೇಕು. ಹಸಿ ಕಂಬದಲ್ಲಿ ಶಬ್ದ ನಿಧಾನ. ತೂಕದ ಶೇ. 30ರಷ್ಟು ತೇವ ಉಳಿಯುವವರೆಗೆ ನೀರು ಬರಿಯ ಹೊರೆ, ಪೆಡಸು ಅಷ್ಟಾಗಿ ಬದಲಾಗುವುದಿಲ್ಲ. ಅಲ್ಲಿಂದ ಕೆಳಗೆ ಒಣಗಿದಂತೆ ಪೆಡಸೂ ಏರುತ್ತದೆ. ಆದ್ದರಿಂದ ಈಗತಾನೆ ಕಡಿದು ತಂದ ಕಂಬವನ್ನೂ ಎರಡು ಬೇಸಿಗೆ ಕಂಡ ಕಂಬವನ್ನೂ ಒಂದೇ ಗುಂಪಿನಲ್ಲಿಟ್ಟು ದನಿ ಹೋಲಿಸಿದರೆ ಹಸಿಯ ಒಳ್ಳೆಯ ಕಂಬ ಸೋತು, ಒಣಗಿದ ಕಳಪೆ ಕಂಬ ಗೆಲ್ಲಬಹುದು. ಹಸಿಯನ್ನು ಹಸಿಯೊಂದಿಗೆ, ಒಣಗಿದ್ದನ್ನು ಒಣಗಿದ್ದರೊಂದಿಗೆ ನೋಡಬೇಕು. ಪ್ರತಿ ಕಂಬವನ್ನೂ ತೂಗಿ ಸಾಂದ್ರತೆ ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಅಡ್ಡೆಯಲ್ಲಿ ತೂಕದ ಯಂತ್ರ ಹೇಗೂ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಬಯಲಲ್ಲಿ ನೆನೆದ ಕಂಬಗಳನ್ನು ನಾಲ್ಕು ದಿನ ನೆರಳಲ್ಲಿ ಒರಗಿಸಿ, ಮೇಲಿನ ನೀರು ಆರಿದ ಮೇಲೆ ಬಡಿದು ನೋಡಬೇಕು.